‘ಇಲ್ಲಿ ರಾಜಕೀಯ ಬೇಡ’ ಅಂದರೆ ಸಾಕಾ? ಕಾರವಾರ–ಶಿರಸಿ ಕಡೆಯ ಅನಿಮೆ ಗುಂಪುಗಳ ಅಡ್ಮಿನ್‌ಗಳಿಗೆ

ಅನಿಮೆ, ಅಂದರೆ ಜಪಾನಿನ ಅನಿಮೇಶನ್ ಸರಣಿ, ನೋಡುವವರ ಗುಂಪು ಕಟ್ಟಿದವರು ಮೊದಲು ಪಿನ್ ಮಾಡುವ ನಿಯಮ ಬಹುಮಟ್ಟಿಗೆ ಒಂದೇ: “ಇಲ್ಲಿ ಅನಿಮೆ ಮಾತ್ರ, ರಾಜಕೀಯ ಬೇಡ.” ಕುಮಟಾದ ನಾಲ್ಕು ಗೆಳೆಯರ ವಾಟ್ಸ್ಯಾಪ್ ಗುಂಪಾಗಲಿ, ಕಾರವಾರ, ಯಲ್ಲಾಪುರ, ಭಟ್ಕಳದವರೆಲ್ಲ ಸೇರಿದ ಡಿಸ್ಕಾರ್ಡ್ ಸರ್ವರ್ ಆಗಲಿ, ಇದೇ ಸಾಲು. ಓದಲಿಕ್ಕೆ ನಿರಪಾಯ. ಆದರೆ ‘ಗುಂಡಮ್: ದಿ ವಿಚ್ ಫ್ರಮ್ ಮರ್ಕ್ಯುರಿ’ ಸರಣಿಯ ಮೊದಲ ಎಪಿಸೋಡಿನಲ್ಲೇ ಸುಲೆಟ್ಟಾ ದ್ವಂದ್ವಯುದ್ಧ ಗೆದ್ದು ಮಿಯೊರಿನೆಗೆ ನಿಶ್ಚಯವಾದ ವರ ಆಗಿಬಿಡುತ್ತಾಳೆ. ನಾನೂ ಹುಡುಗಿಯಲ್ಲವಾ ಎಂದು ಸುಲೆಟ್ಟಾ ತಡವರಿಸಿದರೆ, ಇಲ್ಲಿ ಅದೆಲ್ಲ ಮಾಮೂಲು, ಮರ್ಕ್ಯುರಿಯವರು ಅಷ್ಟು ಮಡಿವಂತರಾ ಎಂಬ ಅರ್ಥದ ಉತ್ತರ ಬರುತ್ತದೆ. ಈ ದೃಶ್ಯದ ಬಗ್ಗೆ ಮಾತಾಡಿದರೆ ಅದು ಅನಿಮೆಯೋ, ರಾಜಕೀಯವೋ? ಪಿನ್ ಮಾಡಿದ ಸಾಲು ಇದಕ್ಕೆ ಉತ್ತರ ಕೊಡುವುದಿಲ್ಲ. ಕೊನೆಗೆ ಆಗುವುದೇನೆಂದರೆ, ಅಡ್ಮಿನ್‌ಗೆ ಕಿರಿಕಿರಿ ಆದದ್ದೆಲ್ಲ ರಾಜಕೀಯ, ಅಡ್ಮಿನ್‌ಗೆ ನಗು ಬಂದದ್ದೆಲ್ಲ ಅನಿಮೆ.

ಅದರ ಬದಲು ಒಂದೇ ಗೆರೆ ಎಳೆಯಿರಿ: ಪಾತ್ರದ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಬಹುದು, ಗುಂಪಿನಲ್ಲಿ ಕೂತ ಮನುಷ್ಯರ ಬಗ್ಗೆ ಮಾಡಬಾರದು. ‘ಒನ್ ಪೀಸ್’ ಸರಣಿಯ ಯಮಾಟೊ ಗಂಡೋ ಹೆಣ್ಣೋ ಎಂದು ಬೆಳಗಿನ ತನಕ ಜಗಳಾಡಿ. ಗುಂಪಿನ ಸದಸ್ಯರೊಬ್ಬರು ಗಂಡೋ ಹೆಣ್ಣೋ, ಯಾರನ್ನು ಪ್ರೀತಿಸುತ್ತಾರೆ ಎಂಬುದು ಚರ್ಚೆಯ ವಿಷಯವೇ ಅಲ್ಲ. ಕೆಳಗೆ ಬರೆದದ್ದೆಲ್ಲ ಈ ಗೆರೆಯನ್ನು ದಿನದಿನ ಹೇಗೆ ಕಾಯುವುದು, ಅದು ಎಲ್ಲೆಲ್ಲಿ ಅಳಿಸಿಹೋಗುತ್ತದೆ ಎಂಬುದಷ್ಟೇ.

‘ಇದೆಲ್ಲ ಈಗ ತುರುಕಿದ್ದು’ ಎನ್ನುವವರಿಗೆ

ಸಲಿಂಗ ಪ್ರೀತಿ, ಲಿಂಗ ಬದಲಿಸಿದ ಪಾತ್ರಗಳನ್ನು ಅನಿಮೆಯೊಳಗೆ ಈಗೀಗ ತುರುಕಿದ್ದಾರೆ ಎಂಬ ಮಾತು ಬಂದಾಗ ಸಿಟ್ಟಾಗುವುದಕ್ಕಿಂತ ಇಸವಿ ಹೇಳುವುದು ಒಳ್ಳೆಯದು. ಒಸಾಮು ತೆಜುಕಾ ಗಂಡುವೇಷದ ರಾಜಕುಮಾರಿಯ ಕತೆ ‘ರಿಬನ್ ನೋ ಕಿಶಿ’ ಶುರು ಮಾಡಿದ್ದು 1953ರಲ್ಲಿ. ರಿಯೊಕೊ ಇಕೆದಾ ಅವರ ‘ರೋಸ್ ಆಫ್ ವರ್ಸೈಲ್ಸ್’, ಗಂಡಿನಂತೆ ಬೆಳೆದ ಸೇನಾಧಿಕಾರಿ ಆಸ್ಕರ್‌ಳ ಕತೆ, 1972ರದ್ದು. ಹುಡುಗರ ನಡುವಿನ ಪ್ರೀತಿ ಮೋಟೊ ಹಾಗಿಯೊ ಅವರ ‘ಹಾರ್ಟ್ ಆಫ್ ಥಾಮಸ್’ನಲ್ಲಿ 1974ಕ್ಕೆ, ಕೆಯ್ಕೊ ತಕೆಮಿಯಾ ಅವರ ‘ಕಾಜೆ ತೊ ಕಿ ನೋ ಉತಾ’ದಲ್ಲಿ 1976ಕ್ಕೆ ಬಂದಾಗಿತ್ತು. ಬರೆದವರೂ ಹೆಂಗಸರು, ಓದಿದವರು ಹೆಚ್ಚಾಗಿ ಶಾಲೆಯ ಹುಡುಗಿಯರು. 1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಮೊದಲ ಕಾಮಿಕ್ ಮಾರ್ಕೆಟ್ ನಡೆದಾಗ ಮಳಿಗೆ ಹಾಕಿದ್ದು 32 ಅಭಿಮಾನಿ ಬಳಗಗಳು, ಬಂದವರು ಸುಮಾರು 700 ಜನ, ಅವರಲ್ಲೂ ಹುಡುಗಿಯರದೇ ಮೇಲುಗೈ. ಇಂಥ ಪ್ರೇಮಗಳಿರುವ ‘ಸೈಲರ್ ಮೂನ್’ ಅನಿಮೆ 1992, ರಾಜಕುಮಾರನಾಗಬಯಸುವ ಹುಡುಗಿಯ ‘ಉತೆನಾ’ 1997. ಇಬ್ಬರು ಟ್ರಾನ್ಸ್ ಮಕ್ಕಳ ಶಾಲಾದಿನಗಳನ್ನು ಹೇಳುವ ತಕಾಕೊ ಶಿಮುರಾ ಅವರ ‘ಹೋರೋ ಮುಸುಕೊ’ 2002ರಲ್ಲಿ ಮಾಂಗಾ (ಜಪಾನಿ ಕಾಮಿಕ್) ಆಗಿ ಶುರುವಾಗಿ 2011ರಲ್ಲಿ ಅನಿಮೆ ಆಯಿತು. ಅಭಿಮಾನಿಗಳ ಆ ಮೊದಲ ಸಂತೆಯನ್ನು ತುಂಬಿದವರೇ ಹೆಚ್ಚಾಗಿ ಇಂಥ ಕತೆಗಳನ್ನು ಓದುತ್ತಿದ್ದ ಹುಡುಗಿಯರು.

ತೆಜುಕಾ ಬೆಳೆದದ್ದು ತಕರಾಜುಕಾ ಎಂಬ ಊರಿನಲ್ಲಿ. ಅಲ್ಲಿಯ ನಾಟಕ ಕಂಪನಿಯಲ್ಲಿ 1914ರ ಮೊದಲ ಪ್ರದರ್ಶನದಿಂದ ಇವತ್ತಿನವರೆಗೆ ಗಂಡಿನ ಪಾತ್ರವನ್ನೂ ಹೆಂಗಸರೇ ಮಾಡುತ್ತಾರೆ. ನಮ್ಮ ಕಡೆ ಇದರ ತದ್ವಿರುದ್ಧ. ಬಡಗುತಿಟ್ಟು ಯಕ್ಷಗಾನದ ಸ್ತ್ರೀವೇಷ ಪರಂಪರೆಯಿಂದ ಗಂಡಸರದ್ದು. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಹುಟ್ಟಿದ ಇಡಗುಂಜಿ ಮೇಳದ ಆಟ ನೋಡಿ ಬೆಳೆದವರಿಗೆ ಮೋಹಿನಿಯನ್ನು ಗಂಡಸು ಕುಣಿಯುವುದು ಆಶ್ಚರ್ಯದ ಸಂಗತಿಯಲ್ಲ. ಹಾಗಾಗಿ ಗುಂಪಿನಲ್ಲಿ ಯಾರಾದರೂ “ನಮ್ಮ ಯಕ್ಷಗಾನದಲ್ಲೂ ಇದೆಯಲ್ಲ ಮಾರಾಯ್ರೆ” ಅಂದರೆ ಅರ್ಧ ಜಗಳ ತಣ್ಣಗಾಗುತ್ತದೆ. ಆದರೆ ಅರ್ಧ ಮಾತ್ರ. ವೇಷವನ್ನು ಚೌಕಿಯಲ್ಲಿ ಬಿಚ್ಚಿಟ್ಟು ಮನೆಗೆ ಹೋಗಬಹುದು. ಟ್ರಾನ್ಸ್ ವ್ಯಕ್ತಿಗೆ ಅದು ವೇಷವೇ ಅಲ್ಲ. ಸ್ತ್ರೀವೇಷಕ್ಕೆ ಶಾಲು ಹೊದೆಸುವ ಊರೇ ಬಸ್‌ಸ್ಟ್ಯಾಂಡಿನಲ್ಲಿ ಹೆಣ್ಣಿನ ನಡಿಗೆಯ ಹುಡುಗನನ್ನು ಆಡಿಕೊಳ್ಳುತ್ತದೆ. ಬೃಹನ್ನಳೆ, ಶಿಖಂಡಿ ಹೆಸರು ಹೇಳಿ ಚರ್ಚೆ ಮುಗಿಸುವವರಿಗೆ ಇಷ್ಟನ್ನು ನೆನಪಿಸಬೇಕು.

ಜಪಾನನ್ನು ಸ್ವರ್ಗ ಮಾಡಿಕೊಳ್ಳುವುದೂ ಬೇಡ. ಸಲಿಂಗ ಮದುವೆಯನ್ನು ಒಪ್ಪದಿರುವುದು ಸಂವಿಧಾನಕ್ಕೆ ವಿರುದ್ಧ ಎಂದು ಸಪ್ಪೊರೊದ ಜಿಲ್ಲಾ ನ್ಯಾಯಾಲಯ ಮೊದಲ ಸಲ ಹೇಳಿದ್ದು 2021ರ ಮಾರ್ಚಿನಲ್ಲಿ. ನಮ್ಮಲ್ಲಿ ಆಗಿನ ದಂಡ ಸಂಹಿತೆಯ 377ನೇ ಕಲಮಿನ ಸಲಿಂಗ ಪ್ರೀತಿಗೆ ಸಂಬಂಧಿಸಿದ ಭಾಗ ಬಿದ್ದುಹೋದದ್ದು 2018ರ ಸೆಪ್ಟೆಂಬರ್ 6ರಂದು, ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2014ರಲ್ಲಿ. “ಇದನ್ನೆಲ್ಲ ಗುಂಪಿನಲ್ಲಿ ಹಾಕಿದರೆ ಕೇಸ್ ಆಗುತ್ತದೆ” ಎಂದು ಹೆದರಿಸುವವರಿಗೆ ಈ ಎರಡು ಇಸವಿ ಸಾಕು.

ಸಬ್‌ಟೈಟಲ್ ಜಗಳ

ಅನುವಾದದಲ್ಲಿ ರಾಜಕೀಯ ಸೇರುತ್ತದೆ ಎಂಬ ದೂರು ಸುಳ್ಳಲ್ಲ, ಆದರೆ ಅದು ಎರಡೂ ಕಡೆಯಿಂದ ಸೇರುತ್ತದೆ. ‘ಸೈಲರ್ ಮೂನ್’ನ ಹಳೆಯ ಇಂಗ್ಲಿಷ್ ಡಬ್‌ನಲ್ಲಿ ಪ್ರೇಮಿಗಳಾದ ಹರುಕಾ, ಮಿಚಿರು ಅವರನ್ನು ಸೋದರಸಂಬಂಧಿಗಳಾಗಿ ಮಾಡಿದ್ದರು, ಜೊಯ್ಸೈಟ್ ಎಂಬ ಗಂಡನ್ನು ಹೆಣ್ಣು ಮಾಡಿ ಪ್ರೇಮಕತೆಯನ್ನು ‘ಸರಿ’ ಮಾಡಿದ್ದರು. ಇನ್ನೊಂದು ಕಡೆ, 2017ರ ‘ಮಿಸ್ ಕೊಬಯಾಶೀಸ್ ಡ್ರ್ಯಾಗನ್ ಮೇಡ್’ನ ಇಂಗ್ಲಿಷ್ ಡಬ್‌ನಲ್ಲಿ ಲೂಕೊವಾ ಪಿತೃಪ್ರಧಾನ ಸಮಾಜವನ್ನು ದೂರುವ ಒಂದು ಮಾತು ಹೇಳುತ್ತಾಳೆ. ಜಪಾನಿಯಲ್ಲಿ ಆ ಮಾತು ಇರಲಿಲ್ಲ. ಎರಡನೆಯದಕ್ಕೆ ಕೂಗಾಡುವವರು ಮೊದಲನೆಯದರ ಸುದ್ದಿ ಎತ್ತುವುದಿಲ್ಲ, ಮೊದಲನೆಯದಕ್ಕೆ ಮರುಗುವವರು ಎರಡನೆಯದನ್ನು ಕಂಡೂ ಕಾಣದಂತಿರುತ್ತಾರೆ. ನನ್ನ ಪ್ರಕಾರ ಎರಡೂ ತಪ್ಪೇ. ಮೂಲದಲ್ಲಿ ಇದ್ದದ್ದನ್ನು ತೆಗೆಯುವುದು, ಇಲ್ಲದ್ದನ್ನು ಹಾಕುವುದು, ಎರಡಕ್ಕೂ ಒಂದೇ ಅಳತೆ ಇರಬೇಕು.

ಗುಂಪಿನಲ್ಲಿ ಇದನ್ನು ನಡೆಸುವ ಕ್ರಮ ಸುಲಭ. “ಡಬ್ ಹಾಳು ಮಾಡಿದ್ದಾರೆ” ಎಂದು ದೂರುವವರು ಮೂರು ಸಂಗತಿ ಕೊಡಬೇಕು: ಎಪಿಸೋಡ್ ಮತ್ತು ನಿಮಿಷ, ಜಪಾನಿಯಲ್ಲಿ ಹೇಳಿದ ಸಾಲು (ಕೇಳಿಸಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದರೂ ಸರಿ), ಡಬ್ ಅಥವಾ ಸಬ್‌ನ ಸಾಲು. ಈ ಮೂರು ಇಲ್ಲದ ದೂರನ್ನು ಮಾಡರೇಟರ್ (ಗುಂಪಿನ ಮಾತುಕತೆ ಕಾಯುವವರು) ಅಳಿಸಬೇಕಾಗಿಲ್ಲ, “ಸಾಲು ಕೊಡಿ” ಎಂದು ಕೇಳಿದರೆ ಸಾಕು. ಬಹುಪಾಲು ದೂರು ಅಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಅದು ಬೇರೆ ಯಾರದೋ ವಿಡಿಯೋ ನೋಡಿ ಹುಟ್ಟಿದ ಸಿಟ್ಟು.

ಕಾರವಾರ, ಅಂಕೋಲಾ ಕಡೆ ಹಿಂದಿ ಡಬ್ ನೋಡುವವರು ಬಹಳ. ಇಲ್ಲಿ ಒಂದು ವಿಶೇಷ ತೊಡಕಿದೆ. ಜಪಾನಿ ಕ್ರಿಯಾಪದದಲ್ಲಿ ಗಂಡು–ಹೆಣ್ಣು ಇಲ್ಲ. ಪಾತ್ರ ತನ್ನನ್ನು ‘ಒರೆ’, ‘ಬೊಕು’, ‘ವತಾಶಿ’, ‘ಅತಾಶಿ’ ಎಂದು ಕರೆದುಕೊಳ್ಳುವ ರೀತಿಯಲ್ಲಿ ಒಂದು ಸೂಚನೆ ಸಿಗಬಹುದು, ಅದೂ ಖಚಿತವಲ್ಲ. ‘ಬೊಕು’ ಎನ್ನುವ ಹುಡುಗಿಯರು ಅನಿಮೆಯಲ್ಲಿ ಬೇಕಾದಷ್ಟಿದ್ದಾರೆ. ಹಿಂದಿಯಲ್ಲಿ ಹಾಗಲ್ಲ. ‘ನಾನು ಹೋಗುತ್ತೇನೆ’ ಎನ್ನಬೇಕಾದರೂ ‘ಜಾತಾ’ ಅಥವಾ ‘ಜಾತೀ’ ಆರಿಸಲೇಬೇಕು, ಮರಾಠಿಯಲ್ಲೂ ‘ಜಾತೋ’, ‘ಜಾತೇ’. ಮೂಲದವರು ಬೇಕೆಂದೇ ಹೇಳದೆ ಬಿಟ್ಟದ್ದನ್ನು ಹಿಂದಿ ಡಬ್ ಮೊದಲ ಸಾಲಿನಲ್ಲೇ ಹೇಳಿಬಿಡುತ್ತದೆ. ಡಬ್ ನೋಡಿದವರು, ಸಬ್ ನೋಡಿದವರು ಒಂದೇ ಪಾತ್ರಕ್ಕೆ ಬೇರೆ ಬೇರೆ ಲಿಂಗ ಹೇಳಿದರೆ ಇಬ್ಬರೂ ತಾವು ಕೇಳಿದ್ದನ್ನೇ ಹೇಳುತ್ತಿರುತ್ತಾರೆ. ಮೊದಲು ಯಾವ ಭಾಷೆಯಲ್ಲಿ ನೋಡಿದಿರಿ ಎಂದು ಕೇಳಿ, ಆಮೇಲೆ ತೀರ್ಮಾನ.

ಕನ್ನಡದಲ್ಲಿ ಸಬ್ ಮಾಡುವ ಹುಡುಗರಿಗೆ ಸ್ವಲ್ಪ ಅನುಕೂಲ ಇದೆ. ‘ನಾನು ಬಂದೆ’ಯಲ್ಲಿ ಲಿಂಗ ಇಲ್ಲ, ‘ನೀನು ಬಂದೆ’ಯಲ್ಲೂ ಇಲ್ಲ. ತೊಂದರೆ ಬರುವುದು ಮೂರನೆಯವರ ಬಗ್ಗೆ ಮಾತಾಡುವಾಗ. ‘ಹೌಸೆಕಿ ನೋ ಕುನಿ’ಯ ರತ್ನರೂಪಿ ಪಾತ್ರಗಳಿಗೆ ಲಿಂಗವೇ ಇಲ್ಲ, ‘ಸೋಲ್ ಈಟರ್’ನ ಕ್ರೋನಾ ಗಂಡೋ ಹೆಣ್ಣೋ ಮಾಂಗಾ ಹೇಳುವುದಿಲ್ಲ. ಅಲ್ಲೆಲ್ಲ ‘ಅವರು ಬಂದರು’ ಹಾಕಿದರೆ ಗೌರವದ ಬಹುವಚನವೋ, ಇಬ್ಬರು ಬಂದರೋ ಎಂದು ನೋಡುವವರಿಗೆ ಗೊಂದಲ. ಹಿರಿಯ ಪಾತ್ರಕ್ಕೆ ‘ಅವರು’ ಸರಿಯಾಗಿ ಕೂರುತ್ತದೆ, ಜಗಳಗಂಟಿ ಗೆಳೆಯರ ನಡುವೆ ಕೂರುವುದಿಲ್ಲ. ಅಂಥಲ್ಲಿ ಕ್ರಿಯಾಪದವನ್ನೇ ತಪ್ಪಿಸಿ: ‘ಕ್ರೋನಾ ಬಂದ/ಬಂದಳು’ ಬದಲು ‘ಕ್ರೋನಾ ಬಂದಾಯ್ತು’, ‘ಅವನ ಕತ್ತಿ’ ಬದಲು ‘ಕ್ರೋನಾ ಕತ್ತಿ’. ಹೆಸರನ್ನು ಮತ್ತೆ ಮತ್ತೆ ಹೇಳಿದರೆ ಇಂಗ್ಲಿಷಿನಲ್ಲಿ ಕಿವಿಗೆ ಒರಟು, ಕನ್ನಡದಲ್ಲಿ ಅಷ್ಟಾಗಿ ಗೊತ್ತೇ ಆಗುವುದಿಲ್ಲ.

ಯಮಾಟೊ ವಿಷಯಕ್ಕೆ ಬರೋಣ, ಯಾಕೆಂದರೆ ‘ಒನ್ ಪೀಸ್’ ನೋಡುವ ಗುಂಪಿನಲ್ಲಿ ಇದು ಬಂದೇ ಬರುತ್ತದೆ. ತಂದೆ ಕೈಡೊ ಯಮಾಟೊವನ್ನು ಮಗ ಎನ್ನುತ್ತಾನೆ. ತಾನು (ಕತೆಯ ಸಮುರಾಯ್ ವೀರ) ಓಡೆನ್, ಓಡೆನ್ ಗಂಡು, ಆದ್ದರಿಂದ ತಾನೂ ಗಂಡು ಎಂಬುದು ಯಮಾಟೊ ಮಾತು. ಅಧಿಕೃತ ಪಾತ್ರಪರಿಚಯದ ಕಾರ್ಡ್ ಹೆಣ್ಣು ಎನ್ನುತ್ತದೆ. ಮೂರೂ ಇವೆ. ಅಡ್ಮಿನ್ ತೀರ್ಪು ಕೊಡಬೇಕಾಗಿಲ್ಲ, ‘ಅವನು’, ‘ಅವಳು’ ಎರಡನ್ನೂ ಬಿಡಿ. ಅದೇ ಸರಣಿಯ ಕಿಕು ವಿಷಯ ಹಾಗಲ್ಲ. ತನ್ನ ಮನಸ್ಸು ಹೆಣ್ಣು ಎಂದು ಕಿಕು ನೇರವಾಗಿ ಹೇಳಿದ ಮೇಲೆ ‘ಅವನು’ ಎಂದು ಹಟ ಹಿಡಿಯುವುದು ಕತೆಯನ್ನೇ ತಿರುಚಿದಂತೆ. ‘ಜೋಂಬಿ ಲ್ಯಾಂಡ್ ಸಾಗಾ’ದ ಟ್ರಾನ್ಸ್ ಹುಡುಗಿ ಲಿಲಿಯದ್ದೂ ಹಾಗೇ, 2018ರ ಎಂಟನೇ ಎಪಿಸೋಡಿನಲ್ಲಿ ಕತೆಯೇ ಅದನ್ನು ಬಿಡಿಸಿ ಹೇಳಿದೆ. ಒಟ್ಟು ರೂಢಿ ಇದು: ಪಾತ್ರ ತನ್ನ ಬಗ್ಗೆ ಸ್ಪಷ್ಟವಾಗಿ ಹೇಳಿದ್ದರೆ ಅದು, ಹೇಳಿಲ್ಲವಾದರೆ ಹೆಸರು ಅಥವಾ ‘ಅವರು’, ಕತೆಯೇ ಎರಡು ಬಾಯಲ್ಲಿ ಮಾತಾಡಿದ್ದರೆ ಯಾವುದೂ ಆದೀತು.

ಶಿರಸಿಯ ‘ಅದು’, ಬೆಂಗಳೂರಿನ ‘ಅದು’

ಇದು ನಮ್ಮ ಜಿಲ್ಲೆಯ ಗುಂಪಿಗೇ ವಿಶೇಷವಾದ ಸಮಸ್ಯೆ. ಹವ್ಯಕ ಕನ್ನಡದಲ್ಲಿ ಹೆಂಗಸರಿಗೆ ನಪುಂಸಕಲಿಂಗವೇ ರೂಢಿ: ‘ಅಕ್ಕ ಬಂತು’, ‘ಅದು ಹೇಳ್ತು’. ಅದರಲ್ಲಿ ಅಗೌರವ ಎಳ್ಳಷ್ಟೂ ಇಲ್ಲ. ಕೊಂಕಣಿಯಲ್ಲೂ ಚಿಕ್ಕ ಹುಡುಗಿಯರಿಗೆ ‘ತೆಂ’ ಎನ್ನುತ್ತಾರೆ, ಅದೂ ನಪುಂಸಕವೇ. ಈಗ ಸಿದ್ದಾಪುರದ ಸದಸ್ಯರೊಬ್ಬರು ಮನೆಮಾತಿನ ಓಘದಲ್ಲಿ ಲಿಲಿ ಬಗ್ಗೆಯೋ, ಗುಂಪಿನ ಟ್ರಾನ್ಸ್ ಸದಸ್ಯೆಯ ಬಗ್ಗೆಯೋ ‘ಅದು ಚಲೋ ಹೇಳ್ತು’ ಎಂದು ಬರೆದರು ಅನ್ನಿ. ಬೆಂಗಳೂರು, ದಾವಣಗೆರೆ ಕಡೆಯವರಿಗೆ ಅದು ಕಪಾಳಕ್ಕೆ ಹೊಡೆದ ಹಾಗೆ ಕೇಳುತ್ತದೆ, ಯಾಕೆಂದರೆ ಅಲ್ಲಿ ಟ್ರಾನ್ಸ್ ವ್ಯಕ್ತಿಯನ್ನು ‘ಅದು’ ಎನ್ನುವುದು ಬೈಗುಳವೇ. ಇಲ್ಲಿ ಮಾಡರೇಟರ್ ನೋಡಬೇಕಾದದ್ದು ಒಂದನ್ನೇ: ಅದೇ ಮನುಷ್ಯ ಬೇರೆ ಹೆಂಗಸರಿಗೂ ‘ಅದು’ ಎನ್ನುತ್ತಾರೋ? ಎನ್ನುತ್ತಿದ್ದರೆ ಮನೆಮಾತು, ತಿಳಿಸಿ ಹೇಳಿದರೆ ಆಯಿತು. ಉಳಿದವರಿಗೆಲ್ಲ ‘ಅವಳು’, ಇವರೊಬ್ಬರಿಗೆ ಮಾತ್ರ ‘ಅದು’ ಆದರೆ ಹವ್ಯಕದ ನೆಪ ನಡೆಯುವುದಿಲ್ಲ. ಎಲ್ಲರೂ ಇರುವ ಚಾನೆಲ್‌ನಲ್ಲಿ ಸದಸ್ಯರ ಬಗ್ಗೆ ಬರೆಯುವಾಗ ಹೆಸರು ಅಥವಾ ‘ಅವರು’ ಎಂದು ನಿಯಮ ಮಾಡಿದರೆ ಈ ಪಂಚಾಯ್ತಿಯೇ ಬೇಕಾಗುವುದಿಲ್ಲ. (ಶಿರಸಿಯವರೆಲ್ಲ ಹವ್ಯಕರಲ್ಲ, ಹವ್ಯಕ ಕನ್ನಡ ಗುಂಪಿನ ಭಾಷೆಯೂ ಅಲ್ಲ. ನಾಮಧಾರಿ, ಹಾಲಕ್ಕಿ, ಸಿದ್ದಿ, ನವಾಯತ ಮನೆಗಳ ಹುಡುಗರೂ ಇರುವ ಕಡೆ ಒಂದು ಮನೆಮಾತಿನ ತಮಾಷೆಯೇ ಇಡೀ ದಿನ ಓಡಿದರೆ ಉಳಿದವರು ಮೌನವಾಗಿ ಹೊರಟುಹೋಗುತ್ತಾರೆ.)

ಕರೆಯುವ ಮಾತೂ ಅಷ್ಟೇ. ‘ಮಾಣಿ’, ‘ಕೂಸೆ’, ‘ಬಾವ’, ‘ಅಣ್ಣ’, ‘ಮಾರಾಯ್ತಿ’ ಎಲ್ಲ ಲಿಂಗ ಹೊತ್ತುಕೊಂಡೇ ಬರುತ್ತವೆ. ‘ಮಾರಾಯ್ರೆ’ ಮಾತ್ರ ಯಾರಿಗಾದರೂ ಆಗುತ್ತದೆ. ಯಾರೆಂದು ಗೊತ್ತಿಲ್ಲದ ಹೊಸಬರಿಗೆ ಅದು ಸಾಕು.

ಸೇರುವಾಗಲೇ ‘ನಿಮ್ಮ ಸರ್ವನಾಮ ಹೇಳಿ’ ಎಂದು ಕಡ್ಡಾಯ ಮಾಡುವ ರೂಢಿ ಕೆಲವು ಪ್ರಗತಿಪರ ಗುಂಪುಗಳಲ್ಲಿದೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ ಆದರೂ ನಮ್ಮ ಊರುಗಳಿಗೆ ಅದು ಕೆಟ್ಟ ನಿಯಮ. ಇನ್ನೂ ಯಾರಿಗೂ ಹೇಳದವರಿಗೆ ಎರಡೇ ದಾರಿ ಉಳಿಯುತ್ತದೆ: ಸುಳ್ಳು ಬರೆಯುವುದು ಅಥವಾ ಮೊದಲ ದಿನವೇ ಬಯಲಾಗುವುದು. ಡಿಸ್ಕಾರ್ಡ್ ಪ್ರೊಫೈಲಿನಲ್ಲಿ ಅದಕ್ಕೆ ಜಾಗ ಇದೆ, ಬೇಕಾದವರು ತುಂಬಲಿ. ಟ್ರಾನ್ಸ್ ಮಹಿಳೆಯರೆಲ್ಲರನ್ನೂ ‘ಮಂಗಳಮುಖಿ’ ಎನ್ನುವುದೂ ಬೇಡ. ಅದು ಒಂದು ಸಮುದಾಯದ ಹೆಸರಾಗಿ ಬಳಕೆಯಲ್ಲಿದೆ, ಎಲ್ಲರೂ ಅದರೊಳಗಿಲ್ಲ. ‘ಟ್ರಾನ್ಸ್’ ಎಂಬ ಮಾತು ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನು “ನಾನ್‌ಬೈನರಿ ಅಂದ್ರೆ ಎಂತ?” ಎಂದು ಕೇಳುವ ಹೊಸ ಹುಡುಗನನ್ನು ಹತ್ತು ಜನ ಸೇರಿ ಮುಗಿಬೀಳುವ ಚಾಳಿ. ಒಂದು ಸಲ ಕೇಳಿದ್ದು ಪ್ರಶ್ನೆ, “ಗಂಡು, ಹೆಣ್ಣು ಎಂಬ ಎರಡರಲ್ಲೊಂದಾಗಿ ತಮ್ಮನ್ನು ಗುರುತಿಸಿಕೊಳ್ಳದವರು” ಎಂದು ಉತ್ತರ ಕೊಡಿ. ಉತ್ತರ ಕೊಟ್ಟ ಮೇಲೂ ಅದೇ ವ್ಯಕ್ತಿಗೆ ಅದನ್ನೇ ಕೇಳುತ್ತಿದ್ದರೆ ಅದು ಕಾಟ. “ಆ ಸರಣಿ ಇಷ್ಟಪಡುತ್ತೀಯಲ್ಲ, ಹಾಗಾದರೆ ನೀನೂ ಅಂಥವನೇ” ಎಂದು ಹಳೆಯ ಪೋಸ್ಟುಗಳನ್ನು ಅಗೆದು ತರುವುದಕ್ಕೂ ಇದೇ ನಿಯಮ ಹಾಕಿ. ಪ್ರಗತಿಪರರ ಕೈಯಲ್ಲಿದ್ದ ಮಾತ್ರಕ್ಕೆ ಕಾಟ ಬೇರೆಯಾಗುವುದಿಲ್ಲ.

ಪದ ತಡೆಯುವ ಯಂತ್ರ ಮತ್ತು ಚಕ್ಕುಲಿ

2020ರ ಆಗಸ್ಟಿನಲ್ಲಿ ರೆಡ್ಡಿಟ್‌ನ ಅನಿಮೀಮ್ಸ್ ಬಳಗದಲ್ಲಿ ‘ಟ್ರ್ಯಾಪ್’ ಎಂಬ ಪದವನ್ನು ಮಾಡರೇಟರುಗಳು ನಿಷೇಧಿಸಿದರು. ಹೆಣ್ಣಿನಂತೆ ಕಾಣುವ ಗಂಡು ಪಾತ್ರಗಳಿಗೆ ಅಭಿಮಾನಿಗಳು ಬಳಸುತ್ತಿದ್ದ ಪದ ಅದು. ಕಂಡವರನ್ನು ಮೋಸದ ಬಲೆಗೆ ಬೀಳಿಸುತ್ತಾರೆ ಎಂಬ ಅರ್ಥ ಅದರೊಳಗಿದೆ, ‘ಮೋಸ ಮಾಡಿದಳು’ ಎಂಬ ನೆಪದಲ್ಲೇ ಟ್ರಾನ್ಸ್ ಹೆಂಗಸರ ಮೇಲೆ ಕೈ ಮಾಡುವುದೂ ಇದೆ. ನಿಷೇಧದ ಕಾರಣ ಸರಿ ಇತ್ತು, ತಂದ ರೀತಿ ಕೆಟ್ಟಿತು. ಸದಸ್ಯರನ್ನು ಕೇಳದೆ ಏಕಾಏಕಿ ನಿಯಮ ಬಂತು, ಪಾತ್ರಕ್ಕೆ ಹೇಳಿದ್ದಕ್ಕೂ ಮನುಷ್ಯರಿಗೆ ಹೇಳಿದ್ದಕ್ಕೂ ವ್ಯತ್ಯಾಸ ಇರಲಿಲ್ಲ. ಬಳಗ ದಂಗೆ ಎದ್ದಿತು, ದೊಡ್ಡ ಗುಂಪೊಂದು ಒಡೆದು ಬೇರೆ ಬಳಗವನ್ನೇ ಕಟ್ಟಿತು. ಅದರಿಂದ ತೆಗೆದುಕೊಳ್ಳಬೇಕಾದ ಕ್ರಮ ಇಷ್ಟು: ನಿಯಮದ ಕರಡು ಮೊದಲು ಹಾಕಿ, ಒಂದು ವಾರ ಮಾತಾಡಲು ಬಿಡಿ, ಯಾಕೆ ಎಂದು ಎರಡು ಸಾಲಿನಲ್ಲಿ ಬರೆಯಿರಿ, ಬದಲಿಗೆ ಬಳಸಬಹುದಾದ ಪದ ಕೊಡಿ, ಜಾರಿಗೆ ಬರುವ ದಿನ ಹೇಳಿ, ಹಿಂದಿನ ಪೋಸ್ಟುಗಳಿಗೆ ಶಿಕ್ಷೆ ಇಲ್ಲ ಎಂದೂ ಹೇಳಿ.

ಡಿಸ್ಕಾರ್ಡ್‌ನಲ್ಲಿ 2022ರಿಂದ ಆಟೋಮಾಡ್ ಇದೆ. ಸರ್ವರ್ ಸೆಟ್ಟಿಂಗ್ಸ್‌ಗೆ ಹೋಗಿ ಪದಗಳ ಪಟ್ಟಿ ಕೊಟ್ಟರೆ ಸಂದೇಶ ತಡೆಯುತ್ತದೆ, ಮಾಡರೇಟರುಗಳ ಚಾನೆಲ್‌ಗೆ ಸುದ್ದಿ ಕಳಿಸುತ್ತದೆ. ಕನ್ನಡದಲ್ಲಿ ಇದು ಎಡವುವ ಜಾಗ ಬೇರೆ. ಬೈಗುಳವಾಗಿ ಬಳಸುವ ‘ಚಕ್ಕ’ ಎಂಬ ಪದಕ್ಕೆ ವಿಭಕ್ತಿ ಸೇರಿ ‘ಚಕ್ಕನ’, ‘ಚಕ್ಕಗಳು’ ಆಗುತ್ತದಲ್ಲ ಎಂದು ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದಿರೋ, ಆ ಅಕ್ಷರಗಳಿಂದ ಶುರುವಾಗುವ ಎಲ್ಲವೂ ಸಿಕ್ಕಿಬೀಳುತ್ತವೆ. ಯುನಿಕೋಡ್‌ನಲ್ಲಿ ಕೊಂಬು, ಇಳಿ ಎಲ್ಲ ವ್ಯಂಜನದ ನಂತರ ಬರುವ ಬೇರೆ ಸಂಕೇತಗಳು. ಹಾಗಾಗಿ ಯಂತ್ರದ ಕಣ್ಣಿಗೆ ‘ಚಕ್ಕುಲಿ’ಯೂ ‘ಚಕ್ಕ’ದಿಂದಲೇ ಶುರು, ‘ಚಕ್ಕಡಿ’ಯೂ ಹಾಗೇ. ಚೌತಿ ಹತ್ತಿರ ಬಂದು ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಚಕ್ಕುಲಿ ಕಂಬಳದ (ನೆರೆಯವರೆಲ್ಲ ಸೇರಿ ಚಕ್ಕುಲಿ ಮಾಡುವುದರ) ಫೋಟೋ ಹರಿದಾಡುವಾಗ ಗುಂಪಿಗೆ ಗುಂಪೇ ಬ್ಲಾಕ್ ಆದೀತು. ನಕ್ಷತ್ರ ಬಿಟ್ಟು ರೂಪಗಳನ್ನು ಒಂದೊಂದಾಗಿ ಬರೆಯಿರಿ, ಇಂಗ್ಲಿಷ್ ಅಕ್ಷರದ ಕಾಗುಣಿತಗಳನ್ನೂ ಸೇರಿಸಿ. ನಕ್ಷತ್ರ ಬೇಕೇ ಬೇಕೆಂದರೆ ಅನುಮತಿಸಿದ ಪದಗಳ ಪಟ್ಟಿಯಲ್ಲಿ ಚಕ್ಕುಲಿ, ಚಕ್ಕಡಿ ಹಾಕಿ.

‘ಒಂಬತ್ತು’ ಇನ್ನೂ ಕಷ್ಟ. ಅದೂ ನಮ್ಮಲ್ಲಿ ಬೈಗುಳವೇ, ಆದರೆ ತಡೆದರೆ ಯಾರೂ ‘ಎಪಿಸೋಡ್ ಒಂಬತ್ತು’ ಎಂದು ಬರೆಯುವ ಹಾಗಿಲ್ಲ. ಅಂಥ ಪದಕ್ಕೆ ತಡೆ ಬೇಡ, ಮಾಡರೇಟರಿಗೆ ಸುದ್ದಿ ಮಾತ್ರ ಬರುವಂತೆ ಇಡಿ. ಮೀಮ್ ಚಿತ್ರದೊಳಗೆ ಬರೆದ ಪದವನ್ನು ಈ ಪಟ್ಟಿ ನೋಡುವುದಿಲ್ಲ. ಸರ್ವರ್ ನಿರ್ವಹಿಸುವ ಅಧಿಕಾರ ಇದ್ದವರಿಗೆ ಆಟೋಮಾಡ್ ಅನ್ವಯಿಸುವುದೇ ಇಲ್ಲ, ಆದ್ದರಿಂದ ಪರೀಕ್ಷೆಯನ್ನು ಸಾಮಾನ್ಯ ಸದಸ್ಯರ ಖಾತೆಯಿಂದ ಮಾಡಬೇಕು.

ಶಿಕ್ಷೆಗೆ ಮೆಟ್ಟಿಲು ಇರಲಿ. ಮೊದಲು ಸಂದೇಶ ಅಳಿಸಿ, ಅದೇ ಸಾಲನ್ನು ಉಲ್ಲೇಖಿಸಿ ಯಾವ ನಿಯಮ ಎಂದು ಖಾಸಗಿಯಾಗಿ ತಿಳಿಸುವುದು. ಎರಡನೇ ಸಲ 1 ದಿನದ ಟೈಮ್‌ಔಟ್, ಮೂರನೇ ಸಲ 1 ವಾರ, ಆಮೇಲೆ ಹೊರಗೆ. ಮಾಡರೇಟರುಗಳು ಕನಿಷ್ಠ ಮೂವರಿರಲಿ, ಘಟ್ಟದ ಮೇಲಿನವರೂ ಕರಾವಳಿಯವರೂ ಸೇರಿರಲಿ, ಒಂದೇ ಕಾಲೇಜಿನ ಒಂದೇ ಬೆಂಚಿನವರು ಬೇಡ. ನೆಂಟರ ಮೇಲೆ ದೂರು ಬಂದರೆ ಆ ಮಾಡರೇಟರ್ ಹಿಂದೆ ಸರಿಯಬೇಕು. ನಮ್ಮ ಜಿಲ್ಲೆಯಲ್ಲಿ ಯಾರು ಯಾರಿಗೆ ನೆಂಟರಲ್ಲ ಹೇಳಿ.

ಸಣ್ಣ ಊರಿನ ನಿಜವಾದ ಅಪಾಯ

ಬೆಂಗಳೂರಿನ ಗುಂಪಿನಲ್ಲಿ ಯಾರೋ ‘ನಾನು ಗೇ’ ಎಂದು ಬರೆದರೆ ಅದನ್ನು ಓದಿದವರು ಅಪರಿಚಿತರು. ಇಲ್ಲಿ ಓದಿದವರಲ್ಲಿ ಒಬ್ಬರು ಅತ್ತೆಯ ಮಗನ ಕ್ಲಾಸ್‌ಮೇಟ್. ಬೈಗುಳಕ್ಕಿಂತ ಇಲ್ಲಿ ಹೆಚ್ಚು ಹಾನಿ ಮಾಡುವುದು ಸ್ಕ್ರೀನ್‌ಶಾಟ್.

ವಾಟ್ಸ್ಯಾಪ್ ಗುಂಪಿನಲ್ಲಿ ಫೋನ್ ನಂಬರಿನ ಜಾಡು ಹಿಡಿಯುವುದು ಬಲು ಸುಲಭ, ಈ ವಿಷಯಗಳ ಮಾತಿಗೆ ಅದು ಜಾಗವೇ ಅಲ್ಲ. ಟೆಲಿಗ್ರಾಮ್ ಆದರೆ ಗೌಪ್ಯತೆಯ ಸೆಟ್ಟಿಂಗ್‌ನಲ್ಲಿ ನಂಬರ್ ಯಾರಿಗೂ ಕಾಣದಂತೆ ಇಡಬೇಕು. ಅಷ್ಟು ಮಾಡಿ ನಿಲ್ಲುವುದೇ ಸಾಮಾನ್ಯ ತಪ್ಪು. ಅದರ ಕೆಳಗೇ ‘ನಂಬರಿನಿಂದ ನನ್ನನ್ನು ಯಾರು ಹುಡುಕಬಹುದು’ ಎಂಬ ಇನ್ನೊಂದು ಆಯ್ಕೆ ಕಾಣಿಸಿಕೊಳ್ಳುತ್ತದೆ. ಅದನ್ನು ‘ನನ್ನ ಸಂಪರ್ಕಗಳು ಮಾತ್ರ’ ಮಾಡದಿದ್ದರೆ ನಿಮ್ಮ ನಂಬರ್ ಉಳಿಸಿಕೊಂಡವರೆಲ್ಲರಿಗೂ ನಿಮ್ಮ ಅಡ್ಡಹೆಸರು ಸಿಗುತ್ತದೆ. ಹೊಸ ಸದಸ್ಯರಿಗೆ ಹಳೆಯ ಮಾತುಕತೆ ಕಾಣದಂತೆ ಇಡುವ ಆಯ್ಕೆಯೂ ಗುಂಪಿನ ಸೆಟ್ಟಿಂಗ್‌ನಲ್ಲಿದೆ, ಹಾಕಿಡಿ. ಡಿಸ್ಕಾರ್ಡ್‌ನಲ್ಲಿ ಸಂಪರ್ಕ ಪಟ್ಟಿಯ ಸಿಂಕ್ ಆರಿಸಿ, ನಂಬರಿನಿಂದ ಹುಡುಕುವುದನ್ನೂ ಆರಿಸಿ. ಖಾಸಗಿ ಮಾತಿನ ಚಾನೆಲ್‌ಗೆ ಹಳೆಯ ಸಂದೇಶ ಓದುವ ಅನುಮತಿಯನ್ನು ನಂಬಿಕೆಯ ಸದಸ್ಯರಿಗಷ್ಟೇ ಕೊಡಿ. ಸೇರುವ ಫಾರ್ಮಿನಲ್ಲಿ ಹೆಸರು, ಕಾಲೇಜು, ಫೋಟೋ ಕೇಳಬೇಡಿ. ಈಗ ಯಾವ ಸರಣಿ ನೋಡುತ್ತಿದ್ದೀರಿ, ನಿಯಮ ಓದಿದಿರಾ, 18 ದಾಟಿದೆಯೇ, ಇಷ್ಟು ಸಾಕು.

ಒಬ್ಬರ ಗುಟ್ಟನ್ನು ಹೊರಗೆ ಹಾಕಿದವರಿಗೆ ಮೇಲೆ ಹೇಳಿದ ಮೆಟ್ಟಿಲು ಇಲ್ಲ, ನೇರ ಹೊರಗೆ. ಹೊರಹಾಕುವ ಮುಂಚೆ ಸಾಕ್ಷಿ ಉಳಿಸಿಕೊಳ್ಳಿ: ಸಂದೇಶದ ಲಿಂಕ್, ಬಳಕೆದಾರರ ಐಡಿ, ಸಮಯ. ಬ್ಯಾನ್ ಮಾಡುವಾಗ ಹಳೆಯ ಸಂದೇಶ ಅಳಿಸುವ ಆಯ್ಕೆ ಬರುತ್ತದೆ, ಅವಸರದಲ್ಲಿ ಅದನ್ನು ಒತ್ತಿದರೆ ಸಾಕ್ಷಿಯೂ ಹೋಯಿತು. ನೊಂದವರನ್ನು ಕೇಳದೆ ಗುಂಪಿನಲ್ಲಿ ಪ್ರಕಟಣೆ ಹಾಕಬೇಡಿ, ಗೊತ್ತಿಲ್ಲದವರಿಗೂ ಅದರಿಂದ ಗೊತ್ತಾಗುತ್ತದೆ. ‘ಮನೆಯವರಿಗೆ ಹೇಳುತ್ತೇನೆ’ ಎಂದು ಹಣ ಕೇಳಿದರೆ ಅದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮು. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್. 18ರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ 14416, ಕನ್ನಡದಲ್ಲಿ ಮಾತಾಡುತ್ತಾರೆ.

ವಯಸ್ಸಿನ ವಿಷಯದಲ್ಲಿ ಸಡಿಲ ಬಿಡುವ ಹಾಗಿಲ್ಲ. ಅಭಿಮಾನಿ ಕತೆಗಳಿಗೆ ಆರ್ಕೈವ್ ಆಫ್ ಅವರ್ ಓನ್ ತಾಣದ ಪದ್ಧತಿ ಚೆನ್ನಾಗಿದೆ: ಕತೆಯ ಮೇಲೆ ವಯಸ್ಸಿನ ಮಟ್ಟ, ಜೋಡಿಯ ಹೆಸರು, ಹಿಂಸೆ ಅಥವಾ ಸಾವು ಇದ್ದರೆ ಎಚ್ಚರಿಕೆ. ‘ಈ ಜೋಡಿ ಬೇಡ’ ಎನ್ನುವವರು ಟ್ಯಾಗ್ ನೋಡಿ ದಾಟಿಹೋಗುತ್ತಾರೆ, ಹುಡುಗ–ಹುಡುಗ ಜೋಡಿಯೆಂಬ ಕಾರಣಕ್ಕೇ ‘ವಯಸ್ಕರಿಗೆ’ ಎಂಬ ಹಣೆಪಟ್ಟಿ ಹಚ್ಚುವುದು ಬೇಡ. ಕೈ ಹಿಡಿದುಕೊಂಡ ದೃಶ್ಯ ಯಾರದ್ದಾದರೂ ಒಂದೇ ಮಟ್ಟ. ಆದರೆ ಮಕ್ಕಳಂತೆ ಕಾಣುವ ಪಾತ್ರಗಳ ಲೈಂಗಿಕ ಚಿತ್ರ ಬಂದರೆ ‘ಬರೀ ಕಾರ್ಟೂನ್’ ಎಂಬ ಮಾತನ್ನು ನಂಬಿ ಕೂರಬೇಡಿ. 2019ರ ತಿದ್ದುಪಡಿಯ ನಂತರ ಪೋಕ್ಸೋ ಕಾಯ್ದೆಯ ವ್ಯಾಖ್ಯೆಯೊಳಗೆ, ರಚಿಸಿದ ಅಥವಾ ಬದಲಿಸಿದ, ಮಗುವಿನಂತೆ ತೋರುವ ಚಿತ್ರವೂ ಬರುತ್ತದೆ. ಕೂಡಲೇ ತೆಗೆಯಿರಿ, ಹಾಕಿದವರನ್ನು ಹೊರಹಾಕಿ, ತಾಣಕ್ಕೆ ವರದಿ ಮಾಡಿ. ಆ ಚಿತ್ರವನ್ನು ‘ಸಾಕ್ಷಿ’ ಎಂದು ಫೋನಿನಲ್ಲಿ ಉಳಿಸಿಕೊಳ್ಳುವುದು, ಇನ್ನೊಬ್ಬ ಅಡ್ಮಿನ್‌ಗೆ ಕಳಿಸುವುದು ಎರಡೂ ಬೇಡ.

ಬೀಚಿನಲ್ಲಿ ಸೇರುವಾಗ

ಕಾರವಾರದ ಟ್ಯಾಗೋರ್ ಕಡಲತೀರದಲ್ಲೋ ಕಾಲೇಜು ಫೆಸ್ಟಿನಲ್ಲೋ ಕಾಸ್‌ಪ್ಲೇ (ಅನಿಮೆ ಪಾತ್ರಗಳ ವೇಷ ಹಾಕುವ ಸ್ಪರ್ಧೆ) ಇಟ್ಟರೆ ಬಹುಮಾನವನ್ನು ಹುಡುಗರು–ಹುಡುಗಿಯರು ಎಂದು ವಿಂಗಡಿಸಬೇಡಿ. ಹೊಲಿಗೆ, ವಿಗ್, ಆಯುಧ ಎಂದು ಕೆಲಸದ ಮೇಲೆ ವಿಂಗಡಿಸಿ. ನಿರೂಪಕರ ಕೈಗೆ ಪಾತ್ರದ ಹೆಸರು, ಸ್ಪರ್ಧಿಯ ಅಡ್ಡಹೆಸರು ಇರುವ ಚೀಟಿ ಕೊಟ್ಟರೆ ‘ಮಿಸ್ಟರ್’, ‘ಮಿಸ್’ ಬರುವುದೇ ಇಲ್ಲ. ಬಟ್ಟೆ ಬದಲಿಸಲು ಒಳಗಿಂದ ಚಿಲಕ ಇರುವ, ಒಬ್ಬೊಬ್ಬರೇ ಹೋಗುವ ಒಂದು ಕೋಣೆ ಇರಲಿ. ಹುಡುಗಿ ಗಂಡುಪಾತ್ರದ ವೇಷ ಹಾಕಿದ್ದಾಳೆ ಎಂದರೆ ಆ ಪಾತ್ರ ಇಷ್ಟ ಎಂದಷ್ಟೇ ಅರ್ಥ, ಅದಕ್ಕಿಂತ ಹೆಚ್ಚು ಊಹಿಸುವುದು ಅಧಿಕಪ್ರಸಂಗ.

ಗಂಡುಪಾತ್ರಕ್ಕೆ ಎದೆ ಬಿಗಿಯುವವರು ಕ್ರೇಪ್ ಬ್ಯಾಂಡೇಜ್, ಪ್ಯಾಕಿಂಗ್ ಟೇಪ್ ಸುತ್ತಲೇಬಾರದು. ಉಸಿರು ಬಿಟ್ಟಾಗ ಅದು ಇನ್ನಷ್ಟು ಬಿಗಿಯುತ್ತದೆ, ಮತ್ತೆ ಸಡಿಲವಾಗುವುದಿಲ್ಲ, ಪಕ್ಕೆಲುಬಿಗೆ ಪೆಟ್ಟು. ಅಳತೆಗೆ ಸರಿಯಾದ ಬೈಂಡರ್ (ಎದೆ ಬಿಗಿಯಲೆಂದೇ ಹೊಲಿದ ಒಳ ಉಡುಪು) ಆದರೂ 8 ಗಂಟೆ ಮೀರಬಾರದು, ಅದರಲ್ಲಿ ಮಲಗಬಾರದು, ಈಜಬಾರದು. ಏಪ್ರಿಲ್–ಮೇ ತಿಂಗಳ ಕರಾವಳಿಯ ಸೆಕೆಗೆ 8 ಗಂಟೆಯೂ ಜಾಸ್ತಿ. ಒಳಗೆ ತೆಳು ಹತ್ತಿ ಬನಿಯನ್ ಇಲ್ಲದಿದ್ದರೆ ಬೆವರುಸಾಲೆ ಖಂಡಿತ. ಒಂದೇ ಒಂದು ಸ್ಪೋರ್ಟ್ಸ್ ಬ್ರಾ, ಮೇಲೆ ಸಡಿಲ ಅಂಗಿ, ಅದರ ಮೇಲೆ ಹಾವೊರಿ (ಜಪಾನಿ ಸಡಿಲ ಮೇಲಂಗಿ) ಇರುವ ಪಾತ್ರ ಆರಿಸಿದರೆ ಬಿಗಿಯುವ ಪ್ರಶ್ನೆಯೇ ಬರುವುದಿಲ್ಲ. ಎದೆ ನೋವು, ತಲೆಸುತ್ತು ಬಂದರೆ ಫೋಟೋ ಮುಗಿಯಲಿ ಎಂದು ಕಾಯದೆ ಬಿಚ್ಚಬೇಕು.

ಫೋಟೋ ತೆಗೆಯಲು ಒಪ್ಪಿದವರು ಹಾಕಲು ಒಪ್ಪಿದ್ದಾರೆಂದಲ್ಲ, ಎರಡನ್ನೂ ಬೇರೆ ಬೇರೆ ಕೇಳಿ. ವಾಟ್ಸ್ಯಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದ ಫೋಟೋದೊಳಗೆ ಎಲ್ಲಿ ತೆಗೆದದ್ದು ಎಂಬ ವಿವರ ಉಳಿದಿರುತ್ತದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಸ್ಥಳ ದಾಖಲಿಸುವುದನ್ನು ಆರಿಸಿಯೇ ಫೋಟೋ ಹೊಡೆಯಿರಿ.

ಕೊನೆಗೊಂದು ಆಡಳಿತದ ಮಾತು. ಪಿಯುಸಿ ಮುಗಿದ ಕೂಡಲೇ ಅಡ್ಮಿನ್ ಧಾರವಾಡಕ್ಕೋ ಬೆಂಗಳೂರಿಗೋ ಹೋಗುತ್ತಾರೆ, ಗುಂಪು ಅನಾಥ. ದೂರುಗಳ ದಾಖಲೆಯಲ್ಲಿ ದಿನಾಂಕ, ನಿಯಮ, ಕೈಗೊಂಡ ಕ್ರಮ ಮಾತ್ರ ಇರಲಿ, ಯಾರ ಗುರುತಿನ ವಿವರವೂ ಬೇಡ. ಹಾಗಿದ್ದರೆ ಹೊಸಬರಿಗೆ ಅದನ್ನು ಧೈರ್ಯವಾಗಿ ಒಪ್ಪಿಸಬಹುದು. ಡಿಸ್ಕಾರ್ಡ್‌ನಲ್ಲಿ ಒಡೆತನವನ್ನು ಸದಸ್ಯರ ಪಟ್ಟಿಯಿಂದ ನೇರ ದಾಟಿಸಬಹುದು. ಟೆಲಿಗ್ರಾಮ್‌ನಲ್ಲಿ ದಾಟಿಸುವವರ ಖಾತೆಗೆ ಎರಡು ಹಂತದ ಪಾಸ್‌ವರ್ಡ್ ಹಾಕಿ 7 ದಿನ ಕಳೆದಿರಬೇಕು, ಆ ಫೋನಿನಲ್ಲಿ ಲಾಗಿನ್ ಆಗಿ 24 ಗಂಟೆ ಆಗಿರಬೇಕು. ಆದ್ದರಿಂದ ಪಾಸ್‌ವರ್ಡ್ ಕೆಲಸವನ್ನು ಪರೀಕ್ಷೆಗೆ ಮುಂಚೆಯೇ ಮಾಡಿಡಿ, ಗಂಟುಮೂಟೆ ಕಟ್ಟುವ ದಿನ ಅದು ಆಗುವುದಿಲ್ಲ.